ಹೊನ್ನಯ್ಯ ಪಾಸಾದದ್ದು

ಹೊನ್ನಯ್ಯನ ಬಲಗಾಲು ಮೂವತ್ತೈದಕ್ಕೇ ಕೈಕೊಟ್ಟಿತು. ಮಗ್ಗದ ಗುಂಡಿಗೆ ಇಳಿದರೆ, ಮೇಲೆ ಬರಲು ಹೆಂಡತಿ ಶಿವನಂಜಮ್ಮ ರಟ್ಟೆ ಹಿಡಿಯಬೇಕು. ಇನ್ನೆಷ್ಟು ದಿನ ತುಳಿದಾನು? ನೇಕಾರರ ಸಂಘದಲ್ಲಿ ರೇಷ್ಮೆ ತೂಗಿ ಕೊಡುವ ಕೆಲಸವೊಂದಿತ್ತು. ಅದಕ್ಕೆ ಎಂಟನೇ ಕ್ಲಾಸಿನ ಸರ್ಟಿಫಿಕೇಟು ಬೇಕು. ಹೊನ್ನಯ್ಯ ನಾಲ್ಕಕ್ಕೇ ಶಾಲೆ ಬಿಟ್ಟವನು.

"ಮನೇಲೇ ಓದಿ ಪರೀಕ್ಷೆ ಕಟ್ಟಬಹುದು ಕಣಯ್ಯ, ವಯಸ್ಸಿನ ಯೋಚನೆ ಬ್ಯಾಡ," ಎಂದರು ಊರಿನ ಶಾಲೆಯ ಮೇಷ್ಟ್ರು.

ಅವರ ಊರು ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೊನ್ನಯ್ಯ ಲಾಳಿ ಎಸೆಯುತ್ತಲೇ ಜಿಲ್ಲೆಯ ತಾಲ್ಲೂಕುಗಳನ್ನು, ನದಿಗಳನ್ನು ಬಾಯಿಪಾಠ ಮಾಡಿದ. ಪಕ್ಕದ ಮನೆಯ ಬಸವಯ್ಯ, ಚಡ್ಡಿ ಹಾಕುವ ಮೊದಲಿನಿಂದಲೂ ಗೆಳೆಯ, ಕಿಟಕಿಯಲ್ಲಿ ಇಣುಕುತ್ತಿದ್ದ.

"ಏನ್ಲಾ ಹೊನ್ನ, ಕಾವೇರಿ ಎಲ್ಲಿ ಉಟ್ತದೆ ಅಂತ ತಿಳ್ಕಂಡು ಏನ್ಲಾ ಮಾಡೀಯೆ? ನಮ್ತಾವ್ಕೆ ತಾನಾಗೇ ಬತ್ತದಲ್ಲ."

"ನೀ ಓಗ್ಲಾ ಅತ್ಲಾಗೆ."

ಎರಡು ವರ್ಷ ಹೀಗೇ ಕಳೆಯಿತು.

ನೇಕಾರರ ಆ ಬೀದಿಯಲ್ಲಿ ಒಂದು ಕಟ್ಟಳೆ. ಸೀರೆಯ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಬೀದಿಯುದ್ದಕ್ಕೂ ಬಿಗಿಹಿಡಿದು ಗಂಜಿ ತೊಡೆದು ಆರಿಸುವಾಗ ಮನೆಗೊಬ್ಬರು ಬಂದು ಎಳೆ ಸಿಕ್ಕಿಸಿದ ಕೋಲು ಹಿಡಿದು ನಿಲ್ಲಬೇಕು. ಕರೆಯುವುದಿಲ್ಲ, ಕೂಲಿಯಿಲ್ಲ. ಆರುವವರೆಗೆ ಯಾರೂ ಕೈ ಬಿಡುವಂತಿಲ್ಲ. ಹೊನ್ನಯ್ಯ ಪಾಠಕ್ಕೆ ಮೇಷ್ಟ್ರ ಮನೆಗೆ ಹೋದ ಬೆಳಗುಗಳಲ್ಲಿ ಶಿವನಂಜಮ್ಮ ನಿಲ್ಲುತ್ತಿದ್ದಳು. ಪರೀಕ್ಷೆಯ ಹೊತ್ತಿಗೆ ಅವಳು ತಂಗಿಯ ಬಾಣಂತನಕ್ಕೆಂದು ಹನೂರಿಗೆ ಹೋಗಿದ್ದಳು. ಪರೀಕ್ಷೆಯ ದಿನವೇ ಬಸವಯ್ಯನ ಹಾಸು ಬೀದಿಗೆ ಬಂತು. ಮಗಳ ಧಾರೆ ಸೀರೆಯದು.

ಎಂಟಕ್ಕೆಲ್ಲ ಮುಗಿಯುತ್ತದೆಂದು ಹೊನ್ನಯ್ಯ ಮೊದಲಿಗನಾಗಿ ಬಂದು ನಿಂತ. ಮೋಡ ಕವಿದಿತ್ತು. ಗಂಜಿ ಆರಲಿಲ್ಲ. ಒಂಬತ್ತಾಯಿತು. ಒಂಬತ್ತೂವರೆಯೂ ಆಯಿತು.

"ಬಸವ, ನಾ ಓಗ್ಬೇಕು ಕಣ್ಲಾ. ಹತ್ತಕ್ಕೆ ಬಾಗಿಲು ಆಕ್ತಾರೆ."

"ಇನ್ನೊಂದು ಚಣ ಇರ್ಲಾ. ಗಾಳಿ ಎದ್ದದೆ."

ಇನ್ನೊಂದು ಚಣ ನಿಂತ. ಮತ್ತೂ ಒಂದು. ಆಮೇಲೆ ಹಿಡಿದ ಕೋಲನ್ನು ಗೂಟದ ಹಗ್ಗಕ್ಕೆ ಕಟ್ಟಿ, ಯಾರ ಮುಖವನ್ನೂ ನೋಡದೆ ಕುಂಟುತ್ತ ನಡೆದ. ಹಿಂದಿನಿಂದ ಯಾರೋ "ಸಡ್ಲಾಯ್ತು, ಸಡ್ಲಾಯ್ತು" ಎನ್ನುವುದು ಕೇಳಿಸಿತು. ಪರೀಕ್ಷೆಯಲ್ಲಿ ಕೇಳಿದ್ದೆಲ್ಲ ಅವನಿಗೆ ಬರುತ್ತಿತ್ತು.

ಒಂದು ಕಡೆ ಸಡಿಲವಾದ ಹಾಸು ಗಾಳಿಗೆ ಬಡಿದಾಡಿ, ಎಳೆಗೆಳೆ ಅಂಟಿ ಹರಿದಿತ್ತು. ಹರಿದದ್ದನ್ನು ಗಂಟುಹಾಕಲು ಬಸವಯ್ಯನ ಮನೆಯವರಿಗೆ ಎಂಟು ದಿನ ಹಿಡಿಯಿತು. ಸೀರೆ ನೇಯುವ ಮೊದಲೇ ಮದುವೆ ಬಂದು, ಹುಡುಗಿ ಅಜ್ಜಿಯ ಹಳೆಯ ಸೀರೆಯಲ್ಲಿ ಹಸೆಮಣೆ ಏರಿದಳು. ಬಸವಯ್ಯ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತೆಂದು ಹೊನ್ನಯ್ಯ ಹೆಂಡತಿಯೊಡನೆ ಎಷ್ಟೋ ಸಲ ಹೇಳಿದ.

ಸರ್ಟಿಫಿಕೇಟು ಬಂತು. ಸಂಘದ ಕೆಲಸವೂ ಸಿಕ್ಕಿತು. ಮೊದಲನೆಯ ವಾರವೇ ಬಸವಯ್ಯ ರೇಷ್ಮೆಗೆಂದು ಸಾಲಿನಲ್ಲಿ ಬಂದು ನಿಂತ.

"ನಮ್ದೊಂದು ಚೂರು ನೋಡಿ, ಸಾ."

ಹೊನ್ನಯ್ಯನ ಕೈಯಲ್ಲಿ ತಕ್ಕಡಿ ನಿಂತಿತು. "ನಂಗ್ಯಾಕ್ಲಾ ಸಾ ಅಂತೀಯೆ?"

"ಮತ್ತೇನನ್ನಾದು? ಪಾಸಾದೋರು ನೀವು." ಕುಚೋದ್ಯವೇನೂ ಇರಲಿಲ್ಲ ಆ ಮಾತಿನಲ್ಲಿ.

ಮರುದಿನ ಬೆಳಗಾಗುವ ಮುಂಚೆ ಬೀದಿಯಲ್ಲಿ ಗೂಟ ಹೊಡೆಯುವ ಸದ್ದು ಕೇಳಿ ಹೊನ್ನಯ್ಯ ಎದ್ದ.

"ನಿಮ್ಗೀಗ ಮಗ್ಗ ಇಲ್ವಲ್ಲ, ನಿಲ್ಬೇಕಂತೇನಿಲ್ಲ," ಎಂದಳು ಶಿವನಂಜಮ್ಮ.

"ಇಲ್ದಿದ್ರೇನು?"

ಹೋಗಿ ಎಲ್ಲರ ನಡುವೆ ನಿಂತು ಕೋಲಿಗೆ ಕೈ ಚಾಚಿದ. ಬಸವಯ್ಯನೇ ಅವನ ಕೈಯನ್ನು ಮೆಲ್ಲಗೆ ಸರಿಸಿದ.

"ಬ್ಯಾಡಿ ಸಾ. ನಿಮ್ಗೆ ಕಾಲು ನೋವು. ಇದ್ದೀವಲ್ಲ ನಾವು."

ಯಾರೋ ಒಳಗಿನಿಂದ ಒಂದು ಸ್ಟೂಲು ತಂದು ಜಗಲಿಯ ಪಕ್ಕ ಹಾಕಿದರು. ಕೂರದಿದ್ದರೆ ಅವಮಾನ ಮಾಡಿದಂತೆ. ಹೊನ್ನಯ್ಯ ಕೂತ. ಹಾಸು ಆರಲು ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಅವರೆಲ್ಲ ಒಬ್ಬರನ್ನೊಬ್ಬರು ಲೇ, ಲೋ ಎಂದು ಕರೆದುಕೊಂಡು ನಗುತ್ತಿದ್ದರು.