ಗುಡಿಸೋಕೇನು ಅವಸರ?

ಕೆರಗೋಡಿನ ಹತ್ತಿರದ ಹಾಲಿನ ಡೈರಿಯೊಂದರಲ್ಲಿ ಕಂಪ್ಯೂಟರು ತೀರಾ ನಿಧಾನ ಅಂತ ನನ್ನನ್ನು ಕರೆಸಿದ್ದರು. ಡೇಟಾಬೇಸಿನಲ್ಲಿ ಅಳಿಸಿದ್ದು ತಕ್ಷಣ ಹೋಗುವುದಿಲ್ಲ; ಕಣ್ಣಿಗೆ ಕಾಣದೆ ಒಳಗೇ ಬಿದ್ದಿರುತ್ತದೆ. ಆಮೇಲೆ ಆಟೊವ್ಯಾಕ್ಯೂಮ್ ಅನ್ನೋದು ತಾನಾಗಿ ಬಂದು ಗುಡಿಸಬೇಕು. ಇಲ್ಲಿ ಅದು ಅಪರೂಪಕ್ಕೆ ಬರುತ್ತಿತ್ತು, ಕಸ ತುಂಬಿಯೇ ಕಂಪ್ಯೂಟರು ನಿಧಾನವಾಗಿತ್ತು. ಬೇಗ ಬೇಗ ಬರುವಂತೆ ಸೆಟ್ಟಿಂಗ್ ಬದಲಿಸುತ್ತಾ, ಹಾಲು ಅಳೆಯುವ ಜಯಮ್ಮನವರಿಗೆ ಇದನ್ನೆಲ್ಲ ಜಂಬದಿಂದ ವಿವರಿಸಿದೆ.

"ಅಂಗಾರೆ ನಮ್ ಸವಿತನ್ ಎಸ್ರೂ ಇನ್ನೂ ಒಳ್ಗೇ ಅದಾ?" ಅಂದರು.

ಸವಿತಾ ಅವರ ಮಗಳು. ಇದೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು, ಮದುವೆಯಾಗಿ ಮಳವಳ್ಳಿಗೆ ಹೋದಳಂತೆ. ಸಿಬ್ಬಂದಿ ಪಟ್ಟಿಯಿಂದ ಅವಳ ಹೆಸರನ್ನು ಬೆಳಿಗ್ಗೆ ತಾನೇ ಜಯಮ್ಮನವರ ಎದುರಿಗೇ ಅಳಿಸಿದ್ದೆ.

"ಇದೆ, ಗುಡಿಸೋವರೆಗೆ," ಅಂದೆ.

"ಮನೆಯಿಂದ ಯಾರಾರ ಒಂಟ ಕೂಡ್ಲೆ ಕಸ ಗುಡಿಸ್ತಾರೇನಪ್ಪ? ಒಂಟೋರು ತಿರ್ಗಾ ಬರೋದ್ ಬ್ಯಾಡ್ವಾ?"

ಸಿಬ್ಬಂದಿ ಪಟ್ಟಿ ಅಂಗೈಯಗಲದ್ದು, ಅದರಿಂದ ಯಾವ ಕಂಪ್ಯೂಟರೂ ನಿಧಾನವಾಗುವುದಿಲ್ಲ. ಅದೊಂದಕ್ಕೆ ಮಾತ್ರ ಗುಡಿಸುವುದನ್ನೇ ನಿಲ್ಲಿಸಿದೆ. ಕಾರಣ ಏನು ಅಂತ ನಮ್ಮ ಕಂಪನಿಯವರು ಕೇಳಿದರೆ ಯಾವ ಬಾಯಲ್ಲಿ ಹೇಳಲಿ?

ಕೆಲಸ ಮುಗಿಸಿ ಮಂಡ್ಯದ ಬಸ್ಸು ಹತ್ತಿ ತಿರುಗಿ ನೋಡಿದೆ. ಡೈರಿಯ ಬಾಗಿಲಲ್ಲಿ ಜಯಮ್ಮ ಪೊರಕೆ ಹಿಡಿದು ಸುಮ್ಮನೆ ನಿಂತಿದ್ದರು, ನನ್ನ ಬಸ್ಸು ತಿರುವು ದಾಟಲಿ ಅಂತ.