ಹುಲಿಯೂ ದಾಸವಾಳವೂ ಇಪ್ಪತ್ತೆಂಟು ಆಡಲು ಹೋದದ್ದು

ಶಿರಸಿಯ ಔಷಧ ಅಂಗಡಿಯೊಂದರಲ್ಲಿ ಕೆಲಸ ಮಾಡುವ ನನಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳಿರುವುದಿಲ್ಲ. ಆ ಹೊತ್ತಿನಲ್ಲಿ ಫೋನಿನಲ್ಲಿ ಇಪ್ಪತ್ತೆಂಟು ಆಡುವ ಚಟ ಹತ್ತಿತು. ನಾಲ್ಕು ಜನರ ಇಸ್ಪೀಟು ಆಟ ಅದು, ಇಬ್ಬಿಬ್ಬರು ಒಂದು ಜೋಡಿ. ಇಷ್ಟು ಅಂಕ ಮಾಡುತ್ತೇನೆಂದು ಕೂಗಬೇಕು, ಹೆಚ್ಚು ಕೂಗಿದವರು ಅಷ್ಟನ್ನು ಮಾಡಿ ತೋರಿಸಬೇಕು. ಫೋನಿನಲ್ಲಿ ನನ್ನ ಹೆಸರಿನ ಜಾಗದಲ್ಲಿ ದಾಸವಾಳದ ಚಿತ್ರ. ನನ್ನ ಖಾಯಂ ಜೊತೆಗಾರನದು ಹುಲಿ. ಎಂಟು ತಿಂಗಳು ನಾವಿಬ್ಬರೂ ಸೋತದ್ದೇ ಕಡಿಮೆ. ಹುಲಿ ಎಷ್ಟು ಧೈರ್ಯವಾಗಿ ಕೂಗುತ್ತಿತ್ತೆಂದರೆ, ಮೀಸೆ ಬಿಟ್ಟ ಯಾರೋ ತರುಣನಿರಬೇಕೆಂದು ನಾನು ಭಾವಿಸಿದ್ದೆ.

ಸಿದ್ದಾಪುರದಲ್ಲಿ ಇಪ್ಪತ್ತೆಂಟರ ಪಂದ್ಯಾವಳಿ ಎಂದು ತಿಳಿದಾಗ ಹುಲಿಗೆ ಬರೆದೆ. "ಬರ್ತೆ" ಎಂದು ಉತ್ತರ ಬಂತು. ಭಾನುವಾರ ಸಭಾಭವನದ ಬಾಗಿಲಲ್ಲಿ ಕಾದು ನಿಂತವಳ ಎದುರಿಗೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಊರುಗೋಲು ಹಿಡಿದು ಬಂದರು.

"ನೀನೇಯನೇ ದಾಸಾಳ? ಹುಲಗೋಳದ ಹುಲಿ ಆನೇಯ."

ನಾನು ಮೀಸೆಯ ತರುಣನೆಂದುಕೊಂಡಿದ್ದ ಹುಲಿ ಇವರೇ! "ನೀವಾ, ಆಯಿ?" ಎಂದೆ. ಅವರು ನಕ್ಕು ಹೇಳಿದರು: "ಅಣ್ಣಂದಿರು ಆಡಕಾದ್ರೆ ಬಾಗಿಲ ಸಂದೀಲಿ ನಿಂತು ಕಲ್ತಿದ್ದು. ಒಂದಿನಾನೂ ಎಲೆ ಕೈಗೆ ಕೊಟ್ಟಿದ್ವಿಲ್ಲೆ. ಮೊಣಕಾಲು ಕೆಟ್ಟು ಮಲಗಿದಾಗ ಮೊಮ್ಮಗಳು ಫೋನಿಗೆ ಹಾಕಿಕೊಟ್ಲು."

ಅಂದರೆ ನಿಜವಾದ ಇಸ್ಪೀಟು ಎಲೆ ಹಿಡಿದು ಆಡುವುದು ಅವರಿಗೆ ಅದೇ ಮೊದಲು. ನನ್ನ ಕಥೆಯೂ ಹೆಚ್ಚು ಬೇರೆಯಿರಲಿಲ್ಲ.

ಮೊದಲ ಸುತ್ತಿನಲ್ಲೇ ಮೂರು ವರ್ಷದಿಂದ ಗೆಲ್ಲುತ್ತಿದ್ದ ಜೋಡಿ ಎದುರಾಯಿತು. ಬನವಾಸಿ ಕಡೆಯ ನಿವೃತ್ತ ಬಸ್ ಕಂಡಕ್ಟರ್, ಮತ್ತು ಮದುವೆಮನೆಗಳಲ್ಲಿ ಅಡುಗೆ ಮಾಡುವ, ಮಾತೇ ಆಡದ ಒಬ್ಬರು. "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಕಂಡಕ್ಟರ್ ಪ್ರೀತಿಯಿಂದಲೇ ಕೂರಿಸಿದರು.

ಎಲೆ ಕಲಸಲು ಹೋದೆ. ಅರ್ಧ ಕಟ್ಟು ಮೇಜಿನ ಕೆಳಗೆ ಹಾರಿತು. ಫೋನು ತಾನೇ ಜೋಡಿಸಿಕೊಡುತ್ತಿದ್ದ ಎಲೆಗಳು ಇಲ್ಲಿ ಕೈಯಲ್ಲಿ ತಲೆಕೆಳಗಾಗಿ ನಿಂತವು. ಸರದಿ ಬರುವ ಮೊದಲೇ ಎಸೆದೆ. ಆಟೀನು ಇಳಿದಾಗ ಆಯಿ ಆಟೀನು ಕೈಯಲ್ಲಿಟ್ಟುಕೊಂಡೇ ಕಳಾವರ ಹಾಕಿ ದಂಡ ತೆತ್ತರು. ಫೋನಿನಲ್ಲಾಗಿದ್ದರೆ ತಪ್ಪು ಎಲೆ ಒತ್ತಿದರೂ ಅಲುಗಾಡುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿನ ಆಶ್ಚರ್ಯವೆಂದರೆ, ನನಗೆ ಈ ಆಟದ ಅತಿ ದೊಡ್ಡ ಎಲೆಯಾದ ಗುಲಾಮ ಬಂದಾಗಲೆಲ್ಲ ಕಂಡಕ್ಟರ್ ಕೂಗು ನಿಲ್ಲಿಸುತ್ತಿದ್ದರು. ಮೂರು ಆಟಗಳಲ್ಲಿ ಎರಡು ಗೆಲ್ಲಬೇಕಿತ್ತು, ಮೊದಲನೆಯದು ಹೋಯಿತು.

ಚಹಾದ ಹೊತ್ತಿಗೆ ಆಯಿ ನನ್ನನ್ನು ಮೂಲೆಗೆ ಕರೆದರು. "ಅಂವ ಎಲೆ ನೋಡ್ತಾ ಇಲ್ಲೆ ತಂಗಿ, ನಿನ್ನ ಮೋರೆ ನೋಡ್ತಾ ಇದ್ದ. ಒಳ್ಳೇ ಎಲೆ ಬಂದ್ರೆ ನಿನ್ನ ತುಟಿ ಒಳಗೆ ಹೋಗ್ತು."

ನನ್ನ ತುಟಿಯ ಈ ಅಭ್ಯಾಸ ಗಂಡನಿಗೂ ತಿಳಿದಿರಲಿಲ್ಲ. ಬ್ಯಾಗಿನಲ್ಲಿ ಅಂಗಡಿಯ ಮಾಸ್ಕುಗಳಿದ್ದವು. ಒಂದು ನಾನು ಹಾಕಿಕೊಂಡೆ, ಒಂದು ಆಯಿಗೆ ಕೊಟ್ಟೆ. ವ್ಯವಸ್ಥಾಪಕರು ಓಡಿಬಂದು ಇದು ನಡೆಯುತ್ತದೆಯೇ ಎಂದು ತಮ್ಮತಮ್ಮಲ್ಲೇ ಚರ್ಚಿಸಿದರು. ಆಯಿ ಜೋರಾಗಿ ಕೆಮ್ಮಿದರು. ಚರ್ಚೆ ಮುಗಿಯಿತು.

ಎರಡನೇ ಆಟದಲ್ಲಿ ಹುಲಿ ಹುಲಿಯಾಯಿತು. ಕಂಡಕ್ಟರಿಗೆ ನೋಡಲು ಏನೂ ಸಿಗಲಿಲ್ಲ. ಗೆದ್ದೆವು. ಅಕ್ಕಪಕ್ಕದ ಮೇಜಿನವರು ಎದ್ದು ಬಂದು ಸುತ್ತ ನಿಂತರು.

ಮೂರನೆಯದರ ಕೊನೆಯ ಕೈ. ಎರಡೂ ಕಡೆ ಸಮ. ನನ್ನ ಕೈಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆದರೂ ಕಂಡಕ್ಟರ್ ಇನ್ನೂ ಹೆಚ್ಚು ಕೂಗುವಂತೆ ಮೇಲೇರಿಸಿ ಬೀಳಿಸೋಣವೆಂದು ಗಟ್ಟಿಯಾಗಿ "ಇಪ್ಪತ್ತು" ಎಂದೆ. ಅವರು ಇಪ್ಪತ್ತೊಂದು ಎನ್ನಲು ಬಾಯಿ ತೆರೆದವರು ಸುಮ್ಮನಾಗಿ ನನ್ನತ್ತ ಬಗ್ಗಿ ನೋಡಿದರು.

"ಮೂವತ್ತು ವರ್ಷ ಬಸ್ಸಿನ್ಯಾಗ ಟಿಕೆಟ್ ಹರದೀನ್ರಿ ಅಕ್ಕಾರ. ಟಿಕೆಟ್ ಇಲ್ದವ್ರ ಕಿವಿ ಹಿಂಗ ಕೆಂಪಾಕ್ಕಾವು. ನೀವ ಆಡ್ರಿ."

ನಾನು ತೋಡಿದ ಗುಂಡಿಗೆ ನಾನೇ ಇಳಿಯಬೇಕಾಯಿತು. ಆಯಿ ತಮ್ಮ ಎಲೆಗಳಿಂದ ಎಳೆದೆಳೆದು ಕಾಪಾಡಿದರು. ಅಡುಗೆಯವರ ಹಣೆಯಲ್ಲೂ ಬೆವರು ಕಂಡಿತು. ಕೊನೆಗೆ ಎಣಿಸಿದರೆ ಹತ್ತೊಂಬತ್ತು. ಒಂದಂಕಕ್ಕೆ ಸೋತಿದ್ದೆವು.

ನನಗೆ ಅಳು ಬರುವಂತಾಗಿತ್ತು. "ಆಯಿ, ನನ್ನಿಂದಲೇ ಹೋಯ್ತು" ಎಂದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಎಲೆಗಳನ್ನು ಒಟ್ಟುಮಾಡಿ ಮೇಜಿಗೆ ತಟ್ಟಿ ಅಂಚು ಸಮ ಮಾಡುತ್ತಿದ್ದರು, ಮತ್ತೆ ಹರಡಿ ಮತ್ತೆ ಸಮ ಮಾಡುತ್ತಿದ್ದರು. ಅಷ್ಟು ಹೊತ್ತೂ ಒಂದು ಮಾತಾಡದ ಅಡುಗೆಯವರು ಆಗ ಬಾಯಿಬಿಟ್ಟರು: "ಅಮ್ಮ, ಹೀಂಗೆ ಹಿಡೀರಿ." ಆಯಿಯ ಕೈಯ ಪಕ್ಕ ಕೈಯಿಟ್ಟು, ಎಲೆ ಕಲಸುವುದು ಹೇಗೆಂದು ನಿಧಾನವಾಗಿ ತೋರಿಸಿದರು.

ಸಾಯಂಕಾಲದ ಬಸ್ಸಿನಲ್ಲಿ ಆಯಿ ಸಿದ್ದಾಪುರದ ಪೇಟೆಯಲ್ಲಿ ಕೊಂಡ ಹೊಸ ಕಟ್ಟನ್ನು ಬಿಚ್ಚಿ ಮಡಿಲಲ್ಲಿ ಕಲಸತೊಡಗಿದರು. ಮೊದಲ ತಿರುವಿನಲ್ಲೇ ಎಲೆಗಳು ಬಸ್ಸಿನ ತುಂಬ ಚೆಲ್ಲಿದವು. ಜನ ಬಗ್ಗಿ ಬಗ್ಗಿ ಆರಿಸಿಕೊಟ್ಟರು.

"ಇಸ್ಪೀಟು ರಾಣಿ ಸಿಕ್ಕಿದ್ದಿಲ್ಲೆ, ನಿನ್ನ ಕಾಲಡಿ ನೋಡೇ" ಎಂದರು ಆಯಿ. ನಾನು ಸೀಟಿನ ಕೆಳಗೆ ತಲೆ ಹಾಕಿದೆ.