ಖಾಲಾರ ತಲೆಯ ಮೇಲಿನ ಸೊಪ್ಪಿನ ತೋಟ

"ನೀ ನೀರು ಎಲ್ಲಿ ಚೆಲ್ಲತಿ?"

ರಾಯಚೂರಿನಲ್ಲಿ ಬಾಡಿಗೆ ಕೋಣೆ ಹುಡುಕುತ್ತ ಹತ್ತಿದ ಏಳನೆಯ ಮನೆಯಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆ ಇದು. ಹಿಂದಿನ ಆರು ಮನೆಗಳಲ್ಲಿ ಜಾತಿ ಕೇಳಿದ್ದರು, ಮದುವೆ ಏಕಾಗಿಲ್ಲ ಎಂದು ಕೇಳಿದ್ದರು. ಒಬ್ಬರಂತೂ ಮಾಲೂರಿನಿಂದ ಇಷ್ಟು ದೂರ ಮಗಳನ್ನು ಕಳಿಸಿದ ತಂದೆಯ ಬುದ್ಧಿಯನ್ನೇ ಅನುಮಾನಿಸಿದ್ದರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಬಹುಮಾನ ಬಾಚಿದವಳು ನಾನು. ಎಲ್ಲದಕ್ಕೂ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬಹುಶಃ ಅದಕ್ಕೇ ಕೋಣೆ ಸಿಗಲಿಲ್ಲ. ಈ ಸಲ ಮಾತ್ರ, ಯಾವ ನೀರು ಎಂದು ನಾನೇ ತಿರುಗಿ ಕೇಳಬೇಕಾಯಿತು.

ಕೇಳಿದವರು ಬಜಾರಿನಲ್ಲಿ ಬಳೆ ಅಂಗಡಿ ಇಟ್ಟಿರುವ ಒಬ್ಬ ವಿಧವೆ. ಓಣಿಗೆಲ್ಲ ಆಕೆ ಖಾಲಾ. ಅವರ ಮನೆಮಾತಾದ ದಖನಿಯಲ್ಲಿ ಚಿಕ್ಕಮ್ಮ ಎಂದರ್ಥ. ಪ್ರಶ್ನೆಯ ಮೂಲ ತಲೆಯ ಮೇಲೆಯೇ ಇತ್ತು. ನಮ್ಮ ಕಡೆಯ ಹೆಂಚಿನ ಮನೆ ಮಳೆಯನ್ನು ಜಾರಿಸಿ ಕೈತೊಳೆದುಕೊಳ್ಳುತ್ತದೆ. ಇಲ್ಲಿಯ ಸಮತಟ್ಟಾದ ಮಾಳಿಗೆ ಹಾಗಲ್ಲ. ಸಾಲಾಗಿ ಮರದ ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮೊಳದಷ್ಟು ಮಣ್ಣು. ಬಿಸಿಲಿಗೆ ತಂಪು, ನೀರಿಗೆ ಅಂಜುಬುರುಕ. ಮಾಳಿಗೆಯ ಹಿಂದಿನ ಅರ್ಧಕ್ಕೆ ಮಾತ್ರ ಕಲ್ಲು ಹಾಸಿ ಅದರ ಮೇಲೆ ಒಂದು ಕೋಣೆ ಎಬ್ಬಿಸಿದ್ದರು. ಅದು ನನಗೆ ಸಿಕ್ಕಿತು.

ಆಗ ಊರಿಗೆ ಹತ್ತಿರದ ಶಕ್ತಿನಗರದಲ್ಲಿ ವಿದ್ಯುತ್ ಕೇಂದ್ರದ ಕೆಲಸ ನಡೆದಿತ್ತು. ಊರಿನ ಕೋಣೆಗಳನ್ನೆಲ್ಲ ಎಂಜಿನಿಯರುಗಳು ಹಿಡಿದುಬಿಟ್ಟಿದ್ದರು. "ಮರ್ಯಾದಸ್ಥರ ಮನೆ ಸಿಗದಿದ್ದರೆ ಕೆಲಸ ಬಿಟ್ಟು ಬಾ" ಎಂದು ಅಪ್ಪ ಹೇಳಿ ಕಳಿಸಿದ್ದರು. ಹಾಗಾಗಿ ಆ ಕೋಣೆ ಎಂದರೆ ಇಲ್ಲಿಯ ಶಾಲೆಯ ನನ್ನ ಮೇಷ್ಟ್ರುಗಿರಿ, ನನ್ನ ಸಂಬಳ, ನನ್ನ ಮಾತಿಗಿದ್ದ ಧೈರ್ಯ ಎಲ್ಲವೂ ಹೌದು.

ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತಿಂಗಳೊಳಗೆ ನಾಲಿಗೆಗೆ ಒಗ್ಗಿದವು. ಒಗ್ಗದೆ ಉಳಿದದ್ದು ಒಂದೇ. ಮಾಲೂರಿನಲ್ಲಿ ಬೇಳೆ ಬೇಯುತ್ತಿರುವಾಗ ಹಿತ್ತಲಿಗೆ ಹೋಗಿ ಒಂದು ಹಿಡಿ ದಂಟಿನ ಸೊಪ್ಪು ಚಿವುಟಿ ತರುತ್ತಿದ್ದೆ. ಇಲ್ಲಿ ಸೊಪ್ಪು ಇರಲಿಲ್ಲವೆಂದಲ್ಲ, ಸಂತೆಯಲ್ಲಿ ರಾಶಿ ರಾಶಿ ಇತ್ತು. ಆದರೆ ಕೊಂಡ ಸೊಪ್ಪು ಬೇರೆ, ಚಿವುಟಿದ ಸೊಪ್ಪು ಬೇರೆ. ಇದಕ್ಕೆ ಪುರಾವೆ ಕೇಳಬೇಡಿ, ನನ್ನಲ್ಲಿಲ್ಲ.

ಮಾಳಿಗೆಯ ಮೇಲೆ ಒಂದು ಮರದ ಪೆಟ್ಟಿಗೆ ಇಟ್ಟು ಸೊಪ್ಪು ಬೆಳೆಯುತ್ತೇನೆ ಎಂದೆ. ಖಾಲಾ ಅಡಕೆ ಕತ್ತರಿಸುತ್ತ ಕೂತಿದ್ದರು. ನಾನು ಅಂಶವಾರು ಮಂಡಿಸಿದೆ: ಪೆಟ್ಟಿಗೆಗೆ ಕಾಲಿರುತ್ತದೆ, ಕಾಲು ಗೋಡೆಯ ನೇರಕ್ಕೆ ಕೂರುತ್ತದೆ, ತಳ ಇಳಿಜಾರಾಗಿದ್ದು ಸೋರಿದ ನೀರು ಡಬ್ಬಿಗೆ ಬೀಳುತ್ತದೆ. ಅವರು ಪೂರ್ತಿ ಕೇಳಿದರು.

"ಮುಗೀತೇನು? ಈಗ ನಾ ಹೇಳ್ತೀನಿ ಕೇಳು, ಬೇಟಿ. ಒಂದು ಹನಿ ನನ್ನ ತಲಿ ಮ್ಯಾಲ ಬಿತ್ತಂದ್ರ ಪೆಟ್ಟಿಗಿನೂ ಇಳಿಬೇಕು, ನೀನೂ ಇಳಿಬೇಕು."

ನಾನು ಗೆದ್ದೆ ಎಂದುಕೊಂಡೆ.

ದೇವದುರ್ಗದ ಬಡಿಗ ಮಾನಪ್ಪ ನಮ್ಮ ಶಾಲೆಯ ಬೆಂಚು ರಿಪೇರಿಗೆ ಬರುತ್ತಿದ್ದ. ಮುರಿದ ಬಂಡಿಯ ಬೇವಿನ ಹಲಗೆ ತಂದು, ತುದಿಗಳನ್ನು ಹಲ್ಲುಹಲ್ಲಾಗಿ ಕೊರೆದು ಒಂದರೊಳಗೊಂದು ಕೂಡಿಸಿದ. ಬೇವಿಗೆ ಗೆದ್ದಲು ಹತ್ತುವುದಿಲ್ಲವಂತೆ. ಒಳಗೆ ಡಾಂಬರು ಬಳಿದ. ಒಂದೇ ದಿನದ ಕೆಲಸ ಉಳಿದಿತ್ತು, ಅಂದು ಅಮಾವಾಸ್ಯೆ. ಉಳಿ ಮುಟ್ಟುವುದಿಲ್ಲ ಎಂದ. ಚಂದ್ರನಿಗೂ ಉಳಿಗೂ ಏನು ಸಂಬಂಧ ಎಂದು ನಾನು ಅರ್ಧ ಗಂಟೆ ವಾದಿಸಿದೆ. ಅವನು ಉಳಿ, ಬಾಚಿಗೆ ಕುಂಕುಮ ಹಚ್ಚಿ, ಚಾ ಕುಡಿದು ಹೋದ.

ಅದೇ ವಾರ ಪರೀಕ್ಷೆಯ ಕೆಲಸಕ್ಕೆಂದು ಮಾನ್ವಿಗೆ ಹೋಗಿದ್ದೆ. ಅಲ್ಲಿಯ ಎರೆ ಭೂಮಿ ನೋಡಿ ನನಗೆ ಆಸೆ ಹುಟ್ಟಿತು. ನಮ್ಮ ಮಾಲೂರಿನ ಕೆಂಪು ಮಣ್ಣು ಎಷ್ಟು ಗೊಬ್ಬರ ತಿಂದರೂ ಬಡಕಲೇ. ಇದು ಕಾಡಿಗೆಯಂತೆ ಕಪ್ಪು, ಹಿಡಿದರೆ ಕೈಗೆ ತುಪ್ಪದಂತೆ ಅಂಟುವ ಮಣ್ಣು. ಎರಡು ಚೀಲ ತುಂಬಿಸಿ ಬಸ್ಸಿನ ಮೇಲೆ ಹಾಕಿಸಿದೆ. "ಯಾಕ್ರಿ ಟೀಚರ್, ರಾಯಚೂರಾಗ ಮಣ್ಣು ತೀರಿತೇನ್ರಿ?" ಎಂದು ಕಂಡಕ್ಟರ್ ಕೇಳಿದ. ಬಸ್ಸೆಲ್ಲ ನಕ್ಕಿತು.

ಚೀಲ ಬಿಚ್ಚಿದಾಗ, ಪೆಟ್ಟಿಗೆ ಮುಗಿಸಲು ಬಂದಿದ್ದ ಮಾನಪ್ಪ ಒಂದೇ ಮಾತು ಹೇಳಿದ: "ಬರೇ ಎರಿ ತುಂಬಬ್ಯಾಡ್ರಿ, ನೀರು ಕುಡದ್ರ ಉಬ್ಬತದ." ಅಮಾವಾಸ್ಯೆಗೆ ಹೆದರುವವನ ಮಾತು ಎಂದು ಅದನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಟ್ಟೆ. ಇಡೀ ಜಿಲ್ಲೆ ಇದರಲ್ಲೇ ಹತ್ತಿ ಬೆಳೆಯುತ್ತದೆ, ನನ್ನ ಒಂದು ಹಿಡಿ ದಂಟು ಬೆಳೆಯದೇ ಎಂದು ಕೇಳಿದೆ. ಆತು ಬಿಡ್ರಿ ಎಂದ. ಮತ್ತೆ ಗೆದ್ದೆ. ಮಾತಾಡಿದವನ ನಂಬಿಕೆ ನೋಡಿ ಮಾತನ್ನು ತಳ್ಳಿಹಾಕಬಾರದು ಎಂದು ಚರ್ಚಾಕೂಟದಲ್ಲಿ ಮೊದಲ ದಿನವೇ ಕಲಿಸುತ್ತಾರೆ. ನಾನೂ ಶಾಲೆಯ ಹುಡುಗಿಯರಿಗೆ ಅದನ್ನೇ ಕಲಿಸುತ್ತಿದ್ದೆ.

ಬೀಜ ಹಾಕಿ, ನಮ್ಮೂರ ಅಭ್ಯಾಸದಂತೆ ಬೆಳಿಗ್ಗೆ ಸಂಜೆ ಕೊಡಗಟ್ಟಲೆ ನೀರು ಕೊಟ್ಟೆ. ಕೆಂಪು ಮಣ್ಣಾದರೆ ಕುಡಿದು ಕೆಳಗೆ ಬಿಡುತ್ತದೆ. ಎರೆ ಕುಡಿಯಿತು, ಬಿಡಲಿಲ್ಲ. ಐದನೆಯ ದಿನ ಶಾಲೆಯಿಂದ ಬಂದು ನೋಡಿದರೆ ಪೆಟ್ಟಿಗೆಯ ಒಂದು ಮೂಲೆ ಬಾಯಿ ಬಿಟ್ಟಿತ್ತು. ಬೇವಿನ ಹಲ್ಲುಗಳನ್ನು ಉಬ್ಬಿದ ಮಣ್ಣು ಕಿತ್ತೆಸೆದಿತ್ತು. ಕರಿ ಕೆಸರು, ಅದರ ಹಿಂದೆ ನೀರು, ಮಾಳಿಗೆಯ ಮೇಲೆ ಹರಡಿ ಆಗಲೇ ಇಂಗತೊಡಗಿತ್ತು.

ಕೆಳಗೆ ಓಡಿದೆ. ಖಾಲಾ ನಡುಮನೆಯಲ್ಲಿ ಕೂತು ಬಳೆಗಳನ್ನು ಅಳತೆವಾರು ದಾರಕ್ಕೆ ಪೋಣಿಸುತ್ತಿದ್ದರು. ಮೂರನೆಯ ಜಂತಿಯ ಪಕ್ಕ ಹಲಗೆ ಕಪ್ಪಾಗಿತ್ತು. ನಾನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು. ಹನಿಯೊಂದು ಕೂಡಿಕೊಂಡು, ದಪ್ಪಗಾಗಿ, ಬಿತ್ತು. ಅವರ ಮುಂಗೈ ಮೇಲೆ.

ಬೇರೆ ಏನೇ ಇರಲಿ, ನಾನು ಸೋತಾಗ ಸೋತೆ ಎನ್ನುವವಳು. ನಾಳೆಯೇ ಇಳಿಯುತ್ತೇನೆ ಎಂದೆ. ಖಾಲಾ ಮುಂಗೈಯನ್ನು ಸೆರಗಿಗೆ ಒರಸಿಕೊಂಡರು.

"ನಾ ಏನಂದಿದ್ದೆ? ತಲಿ ಮ್ಯಾಲ ಅಂದಿದ್ದೆ. ಇದು ಕೈ ಅದ."

"ಅದು ವಾದ ಅಲ್ಲ ಖಾಲಾ, ನೆಪ."

"ದಿನಾ ನೀ ಹೇಳೋದು ವಾದ, ನಾ ಹೇಳಿದ್ರ ನೆಪೇನು? ನಡಿ ಮ್ಯಾಲ, ಬುಟ್ಟಿ ಹಿಡಿ."

ಮೆಟ್ಟಿಲ ಕೆಳಗೆ ಸವುಳು ಮಣ್ಣಿನ ಗುಡ್ಡೆಯಿತ್ತು. ಬೂದಿ ಬಣ್ಣದ ಉಪ್ಪು ಮಣ್ಣು. ಮಾಳಿಗೆಗೆ ಹರವಿ ತುಳಿದರೆ ನೀರಿಗೆ ದಾರಿ ಮುಚ್ಚುತ್ತದೆ. ಕೆಸರು ಬಾಚಿ, ಇಬ್ಬರೂ ಬರಿಗಾಲಲ್ಲಿ ಅದನ್ನು ತುಳಿದೆವು. ಸಂಜೆಯವರೆಗೂ ಅವರು ನನ್ನನ್ನು ದಖನಿಯಲ್ಲಿ ಬೈದರು. ಅಷ್ಟು ಹೊತ್ತಿಗೆ ಆ ಭಾಷೆ ನನಗೆ ಅರ್ಥವಾಗುತ್ತಿತ್ತು.

ಮಾನಪ್ಪ ಬಂದು ಮೂಲೆಗಳಿಗೆ ಕಬ್ಬಿಣದ ಪಟ್ಟಿ ಬಿಗಿದ. ಹೇಳಿದ್ದೆನಲ್ಲ ಎನ್ನಲಿಲ್ಲ. ಅದೇ ಚುಚ್ಚುತ್ತಿತ್ತು. ಚೀಲ ಬಿಚ್ಚಿದ ದಿನ ಇನ್ನೊಂದು ಮಾತು ಯಾಕೆ ಆಡಲಿಲ್ಲ ಎಂದು ನಾನೇ ಕೆಣಕಿದೆ.

"ನನ್ನ ಸಂಗಾಟ ಮಾತಾಡಿ ನೀವು ಗೆದ್ದಿದ್ರಿ. ಮಣ್ಣಿನ ಸಂಗಾಟ ನೀವೇ ಮಾತಾಡಿಕೊಳ್ರಿ ಅಂತ ಬಿಟ್ಟೆ" ಎಂದ. ಆಮೇಲೆ ಒಂದು ಪಾಲು ಎರೆ, ಒಂದು ಪಾಲು ಹಳ್ಳದ ಉಸುಕು, ಒಂದು ಪಾಲು ತಿಪ್ಪೆಗೊಬ್ಬರ ಕಲಸಿಕೊಟ್ಟ. ನೀರು ದಿನಕ್ಕೊಂದು ತಂಬಿಗೆ, ಅಷ್ಟೇ. ಅಮಾವಾಸ್ಯೆಯ ವಿಷಯದಲ್ಲಿ ನಾನು ಈಗಲೂ ನನ್ನ ಮಾತಿಗೇ ನಿಂತಿದ್ದೇನೆ. ಅವನೂ ಅವನ ಮಾತಿಗೆ.

ದಂಟು ಎದ್ದಿತು. ಅರ್ಧ ಪೆಟ್ಟಿಗೆಯನ್ನು ಖಾಲಾ ಕೇಳದೆಯೇ ತೆಗೆದುಕೊಂಡು ಪುಂಡಿ ಹಾಕಿದರು. ಅದು ಇಲ್ಲಿಯವರ ಹುಳಿ ಸೊಪ್ಪು, ಅವರ ಮನೆಯಲ್ಲಿ ಅಂಬಾಡಾ. ಬೇಳೆಯೊಂದಿಗೆ ಮಸೆದ ನನ್ನ ಮಸ್ಸೊಪ್ಪನ್ನು ಅವರು ಸಪ್ಪೆ ಎನ್ನುತ್ತಾರೆ, ಅವರ ಪುಂಡಿಪಲ್ಯದ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬರುತ್ತದೆ. ಬಟ್ಟಲುಗಳು ಮಾತ್ರ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇವೆ. ಸುಖವಾಗಿದ್ದೀಯಾ ಎಂದು ಕಾಗದ ಬರೆದು ಕೇಳುವ ಗೆಳತಿಯರಿಗೆ ಇಷ್ಟು ಸಾಕು.

ಈ ಬೇಸಿಗೆ ರಜೆಗೆ ಮಾಲೂರಿಗೆ ಬಂದಿದ್ದೇನೆ. ನಿನ್ನೆ ಸಂಜೆ ದಪ್ಪ ಹನಿಯ ಮಳೆ ಸುರಿಯಿತು. ಅಂಗಳದ ಹಪ್ಪಳ ಎತ್ತಲು ಅಮ್ಮ ಎರಡು ಸಲ ಕೂಗಿದರಂತೆ, ನನಗೆ ಕೇಳಿಸಲಿಲ್ಲ. ಒದ್ದೆಯಾದ ಚಾಪೆ ಸುತ್ತಿಕೊಂಡು ಒಳಗೆ ಬಂದವರು, "ಏನೇ ಅದು, ಮೇಲೆ ನೋಡ್ಕೊಂಡು ನಿಂತಿದ್ದೀಯ? ನಮ್ಮನೆ ಯಾವತ್ತಾದ್ರೂ ಸೋರಿದೆಯಾ?" ಎಂದರು.

ಸೋರಿಲ್ಲ. ಹುಟ್ಟಿದಾಗಿನಿಂದ ಈ ಮನೆಯೊಳಗೆ ಒಂದು ಹನಿ ಬಿದ್ದದ್ದನ್ನು ನಾನು ಕಂಡಿಲ್ಲ. ಅದು ಗೊತ್ತಿದ್ದೂ, ಹೆಂಚಿನ ಕೆಳಗೆ ಕತ್ತೆತ್ತಿ ನಿಂತು ಮೂರನೆಯ ಜಂತಿಯನ್ನು ಹುಡುಕುತ್ತಿದ್ದೆ.